ಹುಡುಕಿ ಸಿಗದ ಪದಗಳು

ಸೋಮವಾರ ಹನ್ನೊಂದರಿಂದ ಒಂದರವರೆಗೆ ‘ಗ್ರಂಥಪಾಲಕರನ್ನು ಕೇಳಿ’ ಎಂಬ ಕಿಟಕಿಯ ಹಿಂದೆ ಕೂರುವ ಸರದಿ ನನ್ನದು. ಅದು ನಿಜವಾದ ಕಿಟಕಿಯಲ್ಲ, ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಕೆಳಗೆ ಬಲಮೂಲೆಯಲ್ಲಿ ತೆರೆದುಕೊಳ್ಳುವ ಒಂದು ಚೌಕ. ಎಲ್ಲಿಂದಲೋ ಯಾರೋ ಅದರಲ್ಲಿ ಪ್ರಶ್ನೆ ಬರೆಯುತ್ತಾರೆ. ಎರಡನೇ ಮಹಡಿಯ ಸೂಚಿ ವಿಭಾಗದಲ್ಲಿ ಕೂತು ನಾನು ಉತ್ತರ ಬರೆಯುತ್ತೇನೆ. ಅವರ ಮುಖ ನನಗೆ ಕಾಣುವುದಿಲ್ಲ, ನನ್ನ ಮುಖ ಅವರಿಗೆ ಕಾಣುವುದಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದೇ ಅದು.

ಆ ಸೋಮವಾರ ಬರೆದವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ವಿಭಾಗದವರು ಅವಳಿಗೆ ‘ಚೀಟಿ’ ಎಂದು ಅಡ್ಡಹೆಸರಿಟ್ಟಿದ್ದರು. ಪುಸ್ತಕ ಬೇಡಿಕೆಯ ಚೀಟಿಗಳನ್ನು ಅವಳಷ್ಟು ತುಂಬಿದವರು ಇನ್ನೊಬ್ಬರಿರಲಿಲ್ಲ. ಎಲ್‌ಜಿಬಿಟಿಕ್ಯೂ ಅಧ್ಯಯನಕ್ಕೆ ಆನ್‌ಲೈನಿನಲ್ಲಿ ನಮ್ಮ ಗ್ರಂಥಾಲಯದಿಂದ ಏನೇನು ಸಿಗುತ್ತದೆ ಎನ್ನುವುದು ಅವಳ ಪ್ರಶ್ನೆ. ಹೊರದೇಶದ ಲೇಖನಗಳು ಬೊಗಸೆ ತುಂಬ ಸಿಗುತ್ತವೆ, ನಮ್ಮ ಭಾಷೆಯಲ್ಲಿ ನಮ್ಮವರೇ ತಮ್ಮ ಬಗ್ಗೆ ಬರೆದುಕೊಂಡದ್ದು ಒಂದೂ ಸಿಗುತ್ತಿಲ್ಲ ಎಂದಿದ್ದಳು. ಗುರುವಾರ ವಿಭಾಗದ ಸಮಿತಿ ಕೂರುತ್ತದಂತೆ. ಅಷ್ಟರೊಳಗೆ ಮೂಲ ಆಕರ ತೋರಿಸದಿದ್ದರೆ ವಿಷಯ ಬದಲಾಯಿಸಬೇಕಂತೆ. ‘ಆಕರವೇ ಇಲ್ಲದ ಮೇಲೆ ಏನನ್ನ ಸಂಶೋಧನೆ ಮಾಡ್ತೀಯಮ್ಮ, ಗಾಳಿನಾ?’ ಎಂದು ಮಾರ್ಗದರ್ಶಕರು ಎಲ್ಲರೆದುರೇ ನಕ್ಕರಂತೆ. ಎರಡು ವರ್ಷದ ಕೆಲಸ.

ಕೊನೆಗೆ ಒಂದು ಚಿತ್ರ ಕಳಿಸಿದಳು. ಯಾರದೋ ಹಳೆಯ ಕಡತದಲ್ಲಿ ಸಿಕ್ಕ ಒಂದೇ ಒಂದು ಹಾಳೆಯ ನಕಲು. ಅಂಗೈಯಗಲದ ಪುಟ, ಮಸಿ ಹರಡಿದ ಅಕ್ಷರಗಳು. ಮೇಲ್ಗಡೆ ‘ಒಳಜೇಬು, ಸಂಚಿಕೆ ಹನ್ನೊಂದು’ ಎಂದಿತ್ತು. ಇಂಥದೊಂದು ಪತ್ರಿಕೆ ಇತ್ತೇ, ಇದ್ದರೆ ನಿಮ್ಮಲ್ಲಿದೆಯೇ ಎಂದು ಕೇಳಿದ್ದಳು.

‘ಈ ಹೆಸರಿನ ಪತ್ರಿಕೆ ನಮ್ಮ ಸೂಚಿಯಲ್ಲಿ ಕಾಣುತ್ತಿಲ್ಲ’ ಎಂದು ನಾನು ಉತ್ತರಿಸಿದೆ.

ಇದು ಸುಳ್ಳಲ್ಲ. ಕಾಣುತ್ತಿರಲಿಲ್ಲ. ಕಾಣದಂತೆ ಮಾಡಿದವಳು ನಾನೇ.

ಆಮೇಲೆ ಒಂದು ಗಂಟೆ ನಾನು ಅವಳಿಗೆ ಸಹಾಯ ಮಾಡಿದ ಪರಿ ನೋಡಬೇಕಿತ್ತು. ಕಳ್ಳಿ ತಾನೇ ದೀಪ ಹಿಡಿದು ಹುಡುಕಿಕೊಟ್ಟ ಹಾಗೆ. ಈಗಿನ ಪದ ಹಾಕಿ ಹುಡುಕಿದರೆ ಹಳೆಯದು ಸಿಗುವುದಿಲ್ಲ, ಹಿಂದಿನವರು ಇದನ್ನೆಲ್ಲ ರೋಗದ ಕೆಳಗೋ ಅಪರಾಧದ ಕೆಳಗೋ ಸೇರಿಸುತ್ತಿದ್ದರು, ಆ ಅಸಹ್ಯ ಪದಗಳನ್ನೇ ಹಾಕಿ ನೋಡು ಎಂದೆ. ಹಳೆಯ ವಾರಪತ್ರಿಕೆಗಳ ‘ಓದುಗರ ಸಮಸ್ಯೆ’ ಅಂಕಣಗಳನ್ನು ಸ್ಕ್ಯಾನ್ ಮಾಡಿಟ್ಟ ಪುಟಗಳ ಕೊಂಡಿ ಕೊಟ್ಟೆ. ನ್ಯಾಯಾಲಯದ ತೀರ್ಪುಗಳಲ್ಲಿ ಯಾವ ಕಲಮಿನಡಿ ಹುಡುಕಬೇಕು, ಬೇರೆ ಗ್ರಂಥಾಲಯಗಳ ಮೌಖಿಕ ಇತಿಹಾಸದ ಧ್ವನಿಮುದ್ರಿಕೆಗಳಿಗೆ ಪಾಸ್‌ವರ್ಡ್ ಹೇಗೆ ಪಡೆಯಬೇಕು, ಎಲ್ಲ ಹೇಳಿದೆ. ನಮ್ಮದೇ ಜಾಲತಾಣದಲ್ಲಿ ಈ ಅಧ್ಯಯನದ ಪುಟ ‘ಸಮಾಜಶಾಸ್ತ್ರ’ದ ಒಳಗೆ ‘ಇತರೆ’ಯ ಒಳಗೆ ಇದೆಯೆಂದೂ ತೋರಿಸಿದೆ. ಹದಿನಾಲ್ಕು ಕೊಂಡಿಗಳಾದವು. ಕೊಡಬೇಕಾದ ಒಂದನ್ನು ಬಿಟ್ಟು.

‘ಮೇಡಂ, ಇಡೀ ಕಟ್ಟಡದಲ್ಲಿ ನನ್ನ ಪ್ರಶ್ನೆಗೆ ಮುಖ ಸಿಂಡರಿಸದವರು ನೀವೊಬ್ಬರೇ’ ಎಂದು ಅವಳು ಬರೆದಳು.

ನಾನು ಚೌಕ ಮುಚ್ಚಿದೆ.

ನನಗೊಬ್ಬ ಅಣ್ಣ. ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಸಾಣೆ ಹಿಡಿದು ಕೊಡುತ್ತಾನೆ. ಊರಿನ ಅರ್ಧ ಜನರ ನಗು ನನ್ನ ಕೈಯಲ್ಲಿದೆ ಎನ್ನುತ್ತಾನೆ. ನನ್ನ ಅತ್ತೆಯ ಸೆಟ್ಟೂ ಅವನದೇ. ಅತ್ತೆ ಅವನನ್ನು ಆಡಿಕೊಳ್ಳುವುದೂ ಅದೇ ಹಲ್ಲುಗಳಿಂದಲೇ.

ಅಣ್ಣನ ಜೊತೆ ಒಬ್ಬರು ಟೈಲರ್ ಇದ್ದಾರೆ. ಇಪ್ಪತ್ತೈದು ವರ್ಷದಿಂದ ಒಂದೇ ಮನೆ, ಒಂದೇ ಅಂಗಡಿ. ಅರ್ಧದಲ್ಲಿ ಹಲ್ಲು, ಅರ್ಧದಲ್ಲಿ ಬಟ್ಟೆ. ಬಾಯಿಗೂ ಮೈಗೂ ಅಳತೆ ತೆಗೆಯುವ ಅಂಗಡಿ ಎಂದು ಬೀದಿಯವರ ತಮಾಷೆ. ನಾನು ಆ ಟೈಲರನ್ನು ಇವತ್ತಿನವರೆಗೆ ಏನೆಂದೂ ಕರೆದಿಲ್ಲ. ಅಣ್ಣ ಎಂದಿಲ್ಲ, ಭಾವ ಎಂದಿಲ್ಲ, ಕೊನೆಗೆ ‘ರೀ’ ಎಂದೂ ಇಲ್ಲ. ಏನಾದರೂ ಹೇಳಬೇಕಿದ್ದರೆ ಅವರು ನನ್ನತ್ತ ತಿರುಗುವವರೆಗೆ ಕಾದು ಮಾತು ಶುರುಮಾಡುತ್ತೇನೆ. ಕೆಮ್ಮಿದ್ದೂ ಉಂಟು.

ಎಂಟು ವರ್ಷದ ಹಿಂದೆ ಅಣ್ಣ ಒಂದು ಚಪ್ಪಲಿ ಡಬ್ಬಿ ಹಿಡಿದು ಗ್ರಂಥಾಲಯಕ್ಕೆ ಬಂದಿದ್ದ. ಒಳಗೆ ಮೂವತ್ತೊಂದು ಪುಟ್ಟ ಪುಸ್ತಿಕೆಗಳು. ‘ಒಳಜೇಬು’ ಎನ್ನುವುದು ಅವರಂಥವರು ಏಳೆಂಟು ಜನ ಸೇರಿ ವರ್ಷಗಟ್ಟಲೆ ನಡೆಸಿದ ಪತ್ರಿಕೆ. ಕೋಟಿನ ಒಳಜೇಬಿನಲ್ಲಿ ಹಿಡಿಸುವ ಅಳತೆಗೆ ಟೈಲರೇ ಕಾಗದ ಕತ್ತರಿಸುತ್ತಿದ್ದರಂತೆ, ನಡುವೆ ದಾರದ ಹೊಲಿಗೆಯೂ ಅವರದೇ. ಬೇರೆ ಯಾರ ಹತ್ತಿರವೂ ಪೂರ್ತಿ ಉಳಿದಿಲ್ಲ, ಗ್ರಂಥಾಲಯದಲ್ಲಿಟ್ಟರೆ ಮುಂದೆ ಯಾರಾದರೂ ಹುಡುಗ ಹುಡುಗಿಯರಿಗೆ ತಾವೊಬ್ಬರೇ ಅಲ್ಲ ಎಂದು ಗೊತ್ತಾಗುತ್ತದೆ ಎಂದ. ಹಾಕುತ್ತೇನೆ ಎಂದೆ. ಹಾಕಿದೆ ಕೂಡ. ಒಂದೊಂದೇ ಪುಟ ಬಿಡಿಸಿ ಸ್ಕ್ಯಾನ್ ಮಾಡಿದೆ, ಒಂದೊಂದು ಲೇಖನಕ್ಕೂ ನಮೂದು ಬರೆದೆ. ಹತ್ತೊಂಬತ್ತನೇ ಸಂಚಿಕೆಯವರೆಗೆ.

ಅದರಲ್ಲಿ ‘ಕುಂಟೆಬಿಲ್ಲೆ’ ಎಂಬ ಹೆಸರಿನಲ್ಲಿ ಒಂದು ಬರಹವಿತ್ತು. ಕುಂಟೆಬಿಲ್ಲೆ ಅಂದರೆ ಅಣ್ಣ. ಚಿಕ್ಕವನಿದ್ದಾಗ ಅವನು ಹುಡುಗಿಯರ ಜೊತೆ ಬರೀ ಕುಂಟೆಬಿಲ್ಲೆ ಆಡುತ್ತಿದ್ದ. ಬೀದಿಯ ಹುಡುಗರೆದುರು ಹಾಗೆ ಕೂಗಿ ಅಣಕಿಸಲು ಶುರುಮಾಡಿದವಳು ನಾನು. ಅವನು ಅದನ್ನೇ ಕಾವ್ಯನಾಮ ಮಾಡಿಕೊಂಡಿದ್ದ.

ಬರಹ ನನ್ನ ಮದುವೆಯ ದಿನದ್ದು. ಆ ದಿನ ಟೈಲರ್ ತಾವೇ ಹೊಲಿದುಕೊಂಡ ಬೂದು ಬಣ್ಣದ ಸೂಟು ಹಾಕಿಕೊಂಡು ಬಂದಿದ್ದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, ಇವರು ಯಾರು ಎಂದು ನನ್ನನ್ನು ಕೇಳಿದರು. ‘ಊಟದ ಕಾಂಟ್ರಾಕ್ಟರ್ ಕಡೆಯವರು’ ಎಂದೆ. ಟೈಲರ್ ಎರಡೇ ಮಾರು ದೂರದಲ್ಲಿದ್ದರು. ಕೇಳಿಸಿತು. ಅವರು ಕೋಟು ಬಿಚ್ಚಿ ಒಂದು ಕುರ್ಚಿಯ ಬೆನ್ನಿಗೆ ಹಾಕಿ, ತೋಳು ಮಡಚಿ, ನೀರಿನ ಜಗ್ಗು ಎತ್ತಿಕೊಂಡರು. ಸಂಜೆ ನಾಲ್ಕರವರೆಗೆ ಬಂದವರಿಗೆಲ್ಲ ನೀರು ಹಾಕಿದರು. ನಾನು ಬೇಡವೆನ್ನಲಿಲ್ಲ. ನನ್ನ ಮಾತನ್ನು ಅವರು ನಿಜ ಮಾಡಿಕೊಟ್ಟರು ಎಂದು ಆಗ ಸಮಾಧಾನವೂ ಆಗಿತ್ತು. ಅದನ್ನು ಇಲ್ಲಿ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಅಣ್ಣ ಇದನ್ನೆಲ್ಲ ನಗು ಬರುವಂತೆ ಬರೆದಿದ್ದ. ನನ್ನನ್ನು ಎಲ್ಲಿಯೂ ಬೈದಿರಲಿಲ್ಲ. ‘ಅವನು ಒಂದು ಹನಿಯನ್ನೂ ಚೆಲ್ಲಲಿಲ್ಲ. ಮದುಮಗಳ ಲೋಟಕ್ಕೆ ಮಾತ್ರ ಎರಡು ಸಲ ಹಾಕಿದ. ಅವಳ ಗಂಟಲು ಒಣಗಿದ್ದು ಅವನೊಬ್ಬನಿಗೇ ಕಂಡಿತ್ತು.’ ಹೀಗೆ ಮುಗಿಯುತ್ತಿತ್ತು ಬರಹ.

ಕೆಳಗಿನ ಕೌಂಟರಿನಲ್ಲಿ ಕೂರುವವಳು ನನ್ನ ಗಂಡನ ತಂಗಿ. ನಾದಿನಿ ಇದನ್ನು ಓದಿದರೆ? ಅತ್ತೆಗೆ ಹೇಳಿದರೆ? ನಾಲ್ಕು ಜನ ಏನೆಂದಾರು? ನಮ್ಮ ತಂತ್ರಾಂಶದಲ್ಲಿ ಪ್ರತಿ ನಮೂದಿನ ತಳದಲ್ಲಿ ಒಂದು ಸಣ್ಣ ಚೌಕವಿರುತ್ತದೆ: ‘ಸಾರ್ವಜನಿಕರಿಗೆ ತೋರಿಸಬೇಡ’. ಅದಕ್ಕೆ ಗುರುತು ಹಾಕಿದರೆ ಕಾರಣ ಕೇಳುತ್ತದೆ. ‘ಹಕ್ಕುಸ್ವಾಮ್ಯ ಪರಿಶೀಲನೆಯಲ್ಲಿದೆ’ ಎಂದು ಬರೆದೆ. ಒಂದು ಸಂಚಿಕೆ ಮಾತ್ರ ಮಾಯವಾದರೆ ಯಾರಿಗಾದರೂ ಅನುಮಾನ ಬರುತ್ತದೆಂದು, ಉಳಿದ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡಿ ಮುಗಿಸಿ, ಮೂವತ್ತೊಂದಕ್ಕೂ ಹಾಕಿದೆ. ಅಣ್ಣನ ಮಾನ ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರ ಮಾನ?

ಹಾಕಿದೆಯಾ ಎಂದು ಅವನು ಫೋನಿನಲ್ಲಿ ಕೇಳಿದ. ಹಾಕಿದ್ದೇನೆ ಅಣ್ಣ, ಎಲ್ಲ ಮುಗಿಯಿತು ಎಂದೆ. ಮತ್ತೆ ಅವನು ಆ ಮಾತೆತ್ತಲಿಲ್ಲ.

ಚೀಟಿ ಬರೆದ ಆ ಸೋಮವಾರ ಮಧ್ಯಾಹ್ನ ನನಗೊಂದು ಯೋಚನೆ ಬಂತು. ತಿಂಗಳಿಗೊಮ್ಮೆ ತಂತ್ರಾಂಶ ಒಂದು ಪಟ್ಟಿ ಕಕ್ಕುತ್ತದೆ, ‘ಹುಡುಕಿ ಸಿಗದ ಪದಗಳು’ ಎಂದು. ಓದುಗರು ಏನು ಟೈಪು ಮಾಡಿ ಏನೂ ಸಿಗದೆ ಹೋದರು ಎನ್ನುವ ಲೆಕ್ಕ. ಯಾವ ಪುಸ್ತಕ ಬೇಕಾಗಿದೆ, ಯಾವ ಹೆಸರಿನ ಕಾಗುಣಿತ ಜನ ತಪ್ಪುತ್ತಾರೆ ಎಂದು ತಿಳಿಯಲು ಅದನ್ನು ನೋಡುವುದು ನನ್ನ ಕೆಲಸ. ನೋಡಿ ಎದುರುಗಡೆ ಷರಾ ಬರೆಯಬೇಕು. ಓದುಗರ ಹೆಸರಿರುವುದಿಲ್ಲ, ಯಾವ ಕಂಪ್ಯೂಟರು ಮತ್ತು ಯಾವ ದಿನ ಎಂದಷ್ಟೇ ಇರುತ್ತದೆ. ನಗು ಬರಿಸುವ ಪಟ್ಟಿ ಅದು. ‘ಹೋದ ವಾರ ನೋಡಿದ ನೀಲಿ ಪುಸ್ತಕ’ ಎಂದು ಯಾರೋ ಹುಡುಕಿರುತ್ತಾರೆ, ‘ಪಾಸಾಗುವ ಪುಸ್ತಕ’ ಎಂದು ಇನ್ಯಾರೋ.

ಎಂಟು ವರ್ಷದ ಪಟ್ಟಿಗಳನ್ನು ತೆರೆದು ‘ಒಳಜೇಬು’ ಎಂದು ಹುಡುಕಿದೆ.

ಪತ್ರಿಕೆ ಹಾಕಿದ ಮುಂದಿನ ತಿಂಗಳಿಂದಲೇ ಇತ್ತು. ಕೆಳಗಿನ ಸಾರ್ವಜನಿಕ ಕೋಣೆಯ ಮೂರನೇ ಕಂಪ್ಯೂಟರು, ಶನಿವಾರ, ಮಧ್ಯಾಹ್ನ. ಅಣ್ಣನ ಅಂಗಡಿ ಶನಿವಾರ ಅರ್ಧ ದಿನ. ‘ಒಳಜೇಬು’. ‘ಒಳ ಜೇಬು’. ‘ಓಳಜೇಬು’. ತಾನೇ ನಡೆಸಿದ ಪತ್ರಿಕೆಯ ಹೆಸರಿನ ಕಾಗುಣಿತದ ಮೇಲೆ ಅಣ್ಣನಿಗೇ ಅನುಮಾನ ಬಂದ ಹಾಗೆ. ಮುಂದಿನ ತಿಂಗಳು ‘ಒಳಜೇಬು ಸಣ್ಣ ಪತ್ರಿಕೆ’. ಆಮೇಲೆ ‘ಕುಂಟೆಬಿಲ್ಲೆ’. ಆಮೇಲೆ ‘ಕುಂಟೆಬಿಲ್ಲೆ ಬರೆದದ್ದು’. ಐದು ವರ್ಷ. ಕಂಪ್ಯೂಟರಿನ ಜೊತೆ ಮನುಷ್ಯರ ಜೊತೆ ಮಾತಾಡಿದ ಹಾಗೆ ಮಾತಾಡುವುದು ಅಣ್ಣನ ಅಭ್ಯಾಸ. ಒಂದು ಶನಿವಾರ ಹೀಗಿತ್ತು: ‘ನನ್ನ ತಂಗಿ ಹಾಕಿದ ಒಳಜೇಬು’.

ಫಲಿತಾಂಶ ಸೊನ್ನೆ.

ಎಲ್ಲದರ ಎದುರೂ ಷರಾ ಇತ್ತು. ‘ಕಾಗುಣಿತ ದೋಷ, ಕ್ರಮ ಅಗತ್ಯವಿಲ್ಲ.’ ಕೆಳಗೆ ನನ್ನ ಸಹಿಯ ಮೊದಲಕ್ಷರಗಳು. ನೋಡದೆ ಹಾಕಿದ್ದೆ ಎಂದು ಹೇಳಿಬಿಡಬಹುದು. ಕೆಲವನ್ನು ನೋಡದೆಯೇ ಹಾಕಿದ್ದೆ. ಕೆಲವನ್ನು ನೋಡಿಯೇ ಹಾಕಿದ್ದೆ. ಆ ಕೊನೆಯದನ್ನು ನೋಡಿದ ನೆನಪು ನನಗೆ ಚೆನ್ನಾಗಿದೆ. ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು ಷರಾ ಬರೆದು ಮತ್ತೆ ಲೋಟ ಎತ್ತಿಕೊಂಡೆ.

ಮೂರು ವರ್ಷದಿಂದೀಚೆಗೆ ಆ ಪದಗಳಿರಲಿಲ್ಲ.

ಮಂಗಳವಾರ ಕೆಲಸ ಮುಗಿಸಿ ಅಂಗಡಿಗೆ ಹೋದೆ. ಅಣ್ಣ ಕಿಟಕಿಯ ಬಳಿ ಕೂತು ಹಲ್ಲಿನ ಬಣ್ಣದ ಪಟ್ಟಿ ಹಿಡಿದು ಬೆಳಕಿಗೆ ಹೊಂದಿಸಿ ನೋಡುತ್ತಿದ್ದ. ಟೈಲರ್ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದರು. ಇಪ್ಪತ್ತು ವರ್ಷ ಮಾಸಲು ಹಲ್ಲಿನಲ್ಲಿ ಬದುಕಿದ ಮುದುಕರೊಬ್ಬರು ಈಗ ಹಾಲಿನ ಬಿಳುಪು ಬೇಕೆಂದು ಹಟ ಹಿಡಿದಿದ್ದಾರೆ, ಮೊಮ್ಮಗನ ಹಲ್ಲು ಕದ್ದ ಹಾಗೆ ಕಾಣುತ್ತದೆಂದರೂ ಕೇಳುತ್ತಿಲ್ಲ ಎಂದು ಅಣ್ಣ ದೂರಿದ. ನಾನು ನಗಲಿಲ್ಲ. ಕೂರದೆಯೇ ಎಲ್ಲ ಹೇಳಿದೆ. ಚೌಕ, ಗುರುತು, ಕಾರಣ, ಪಟ್ಟಿ, ಷರಾ. ವಿದ್ಯಾರ್ಥಿನಿಗೆ ಗುರುವಾರ ಸಭೆ ಇರುವುದನ್ನೂ. ಹೇಳುವಷ್ಟು ಹೊತ್ತೂ ಕಪಾಟಿನಲ್ಲಿ ಜೋಡಿಸಿಟ್ಟಿದ್ದ ಪ್ಲಾಸ್ಟರ್ ದವಡೆಗಳನ್ನೇ ನೋಡುತ್ತಿದ್ದೆ.

“ಗೊತ್ತು ಪುಟ್ಟಿ,” ಎಂದ ಅಣ್ಣ.

ಮೂರು ವರ್ಷದ ಹಿಂದೆ ಹುಡುಕಿ ಹುಡುಕಿ ಸಾಕಾಗಿ ಕೌಂಟರಿನಲ್ಲಿ ಕೇಳಿದನಂತೆ. ಕೌಂಟರಿನವಳು ಸಿಬ್ಬಂದಿಯ ಪರದೆಯಲ್ಲಿ ನೋಡಿದಳಂತೆ. ಅಲ್ಲಿ ಎಲ್ಲವೂ ಕಾಣುತ್ತದೆ, ಮುಚ್ಚಿದ್ದು ಯಾರು ಎನ್ನುವುದೂ. ‘ನಿಮ್ಮ ತಂಗಿಯವರ ಪರಿಶೀಲನೆಯಲ್ಲಿದೆಯಂತೆ’ ಎಂದಳಂತೆ. ಕೌಂಟರಿನವಳೆಂದರೆ ನನ್ನ ನಾದಿನಿ.

“ನಾನು ಬರೆದದ್ದರ ಹಕ್ಕು ಯಾರದು ಅಂತ ನೀನು ಎಂಟು ವರ್ಷ ಪರಿಶೀಲಿಸ್ತಾ ಇದ್ದೀಯ. ಸರ್ಕಾರಿ ಕೆಲಸ, ನಿಧಾನ ಆಗತ್ತೆ ಅಂತ ಸುಮ್ಮನಾದೆ.”

ನಾದಿನಿ ಆವತ್ತೇ ಹತ್ತೊಂಬತ್ತನೇ ಸಂಚಿಕೆ ಓದಿದಳಂತೆ. ಮುಂದಿನ ವಾರ ಅಂಗಡಿಗೆ ಬಂದು, ಆ ದಿನ ಮದುವೆಯಲ್ಲಿ ತನಗೆ ನೀರು ಕೊಟ್ಟವರು ನೀವೇನಾ ಎಂದು ಟೈಲರನ್ನು ಕೇಳಿದಳಂತೆ. ಆಮೇಲಿನಿಂದ ಅವಳ ಬಟ್ಟೆಯೆಲ್ಲ ಇಲ್ಲೇ ಹೊಲಿಯುವುದು. ಮೂರು ವರ್ಷದಿಂದ ನಾನೂ ಅವಳೂ ದಿನಾ ಒಂದೇ ಮೇಜಿನಲ್ಲಿ ಕೂತು ಬುತ್ತಿ ಬಿಚ್ಚಿದ್ದೇವೆ. ಅವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನಾನು ಯಾರ ಕಣ್ಣಿಗೆ ಹೆದರಿ ಮುಚ್ಚಿದ್ದೆನೋ ಅವಳೇ ನೋಡಿಯಾಗಿತ್ತು. ಕಾಣದೆ ಉಳಿದದ್ದು ಅದು ಬೇಕಾಗಿದ್ದವರಿಗೆ ಮಾತ್ರ.

ಈಗ ತೆರೆದುಬಿಡಲೇ ಎಂದು ಕೇಳಿದೆ. ಕುಂಟೆಬಿಲ್ಲೆ ಯಾರೆಂದು ಆ ಹುಡುಗಿ ಕೇಳಿದರೆ ಏನೆನ್ನಲಿ ಎಂದೂ ಕೇಳಿದೆ. ಹೇಳು, ನಮ್ಮಿಬ್ಬರ ಹೆಸರೂ ಹೊರಗಿನ ಬೋರ್ಡಿನಲ್ಲೇ ಇದೆ, ಮೊದಲಿನಿಂದಲೂ ಇತ್ತು, ಓದುವವರಿದ್ದರೆ ಎಂದ ಅಣ್ಣ. ಆಮೇಲೆ ಟೈಲರ್ ಕಡೆ ಗಲ್ಲ ಎತ್ತಿ ತೋರಿಸಿ, “ನನ್ನನ್ನ ಕೇಳಿದ್ದು ಸಾಕು. ನೀರು ಹಾಕಿದವನು ಅವನು. ಅವನನ್ನ ಕೇಳು,” ಎಂದ.

ನಾನು ಕಾದೆ. ಟೈಲರ್ ತಿರುಗಲಿಲ್ಲ. ಪ್ಯಾಂಟಿನ ದಾರ ಒಂದೊಂದೇ ಎಳೆಯುತ್ತಲೇ ಇದ್ದರು. ನನ್ನ ಅಭ್ಯಾಸ ಅವರಿಗೆ ಗೊತ್ತಿತ್ತು. ಕರೆಯದೆ ಗತಿಯಿರಲಿಲ್ಲ, ಕರೆಯಲು ಪದವಿರಲಿಲ್ಲ. ದಿನಕ್ಕೆ ಅರವತ್ತು ಪುಸ್ತಕಗಳಿಗೆ ಇದು ಇಂಥದು, ಇದರ ಸಂಬಂಧ ಇಂಥದರ ಜೊತೆ ಎಂದು ಬರೆಯುವವಳು ನಾನು. ಕೊನೆಗೆ ಮೇಜಿನ ತುದಿ ತಟ್ಟಿದೆ, ಅಂಗಡಿಗೆ ಬಂದ ಗಿರಾಕಿಯ ಹಾಗೆ.

ಅವರು ಕನ್ನಡಕ ಹಣೆಗೇರಿಸಿದರು. ಸಿಟ್ಟಿರಲಿಲ್ಲ. ಅಳತೆ ಬರೆದುಕೊಳ್ಳುವವರ ಕುತೂಹಲವಷ್ಟೇ.

“ತೆಗೀರಿ. ನನ್ನದೇನೂ ಅಡ್ಡಿಯಿಲ್ಲ. ಆದರೆ ಒಂದು ಕೇಳ್ತೀನಿ. ಇಂಥ ಲೇಖನದಲ್ಲಿ ಇಂಥವರಿದ್ದಾರೆ ಅಂತ ನೀವು ಬರೀತೀರಲ್ಲ, ಅಲ್ಲಿ ನನ್ನನ್ನ ಏನಂತ ಹಾಕ್ತೀರಿ? ಆವತ್ತು ಕಾಂಟ್ರಾಕ್ಟರ್ ಕಡೆಯವನು ಅಂತ ಹಾಕಿದ್ರಿ.”

“ಸಂಗಾತಿ ಅಂತ. ಲೇಖಕರ ಸಂಗಾತಿ.”

“ಅದು ಅವನಿಗೆ ನಾನು. ನಿಮಗೆ?”

ಅಣ್ಣ ಬಣ್ಣದ ಪಟ್ಟಿ ಕೆಳಗಿಟ್ಟ. ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿ, ಪ್ಯಾಂಟು ರೆಡಿಯಾ ಎಂದು ಕೇಳಿದರು. ಇನ್ನು ಹತ್ತು ನಿಮಿಷ ಎಂದರು ಟೈಲರ್. ಆಮೇಲೆ ನನ್ನ ಕಡೆ ನೋಡಿ, ಇರಲಿ ಬಿಡಿ, ಅವಸರವಿಲ್ಲ ಎಂದು ಕನ್ನಡಕ ಇಳಿಸಿಕೊಂಡರು. ಆ ‘ಇರಲಿ ಬಿಡಿ’ಯನ್ನು ಹೊತ್ತುಕೊಂಡು ಮನೆಗೆ ಹೋದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಬುಧವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೂವತ್ತೊಂದು ಗುರುತುಗಳನ್ನು ತೆಗೆದೆ. ಹತ್ತೊಂಬತ್ತನೇ ಸಂಚಿಕೆಯ ಟಿಪ್ಪಣಿಯಲ್ಲಿ ಹೀಗೆ ಬರೆದೆ: ‘ಲೇಖಕರ ತಂಗಿಯ ಮದುವೆಯಲ್ಲಿ ಲೇಖಕರ ಸಂಗಾತಿಯನ್ನು ತಂಗಿಯೇ ಕೆಲಸದವರೆಂದು ಪರಿಚಯಿಸಿದ ಪ್ರಸಂಗ.’ ತಂಗಿಯೇ ಎಂಬಲ್ಲಿನ ಆ ‘ಏ’ಯನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಆಮೇಲೆ ಸೋಮವಾರದ ಅದೇ ಚೌಕವನ್ನು ಮತ್ತೆ ತೆರೆದು ಚೀಟಿಗೆ ಕೊಂಡಿ ಕಳಿಸಿದೆ. ‘ನೀವು ಕೇಳಿದ ಪತ್ರಿಕೆ ಲಭ್ಯವಿದೆ. ಒಟ್ಟು ಮೂವತ್ತೊಂದು ಸಂಚಿಕೆ.’ ಹೇಗೆ, ಎಲ್ಲಿಂದ ಎಂದು ಬರೆಯಲಿಲ್ಲ. ಪತ್ರಿಕೆ ಸಿಕ್ಕಿದ ಖುಷಿಯಲ್ಲಿ ಅವಳು ಕೇಳಲಿಕ್ಕಿಲ್ಲ ಎಂಬ ಆಸೆ ಇನ್ನೂ ಇತ್ತು. ಒಳ್ಳೆಯ ಕೆಲಸ ಮಾಡುವಾಗಲೂ ಒಂದು ಕಾಲು ಬಾಗಿಲ ಹಿಂದೆ.

ಮೂರು ಗಂಟೆ ಹೊತ್ತು ಅವಳು ಓದುತ್ತಿದ್ದಳು. ನಾದಿನಿಯ ಜೊತೆ ಊಟಕ್ಕೆ ಕೂತೆ. ಅವಳ ಬೆಳಗಿನ ಪರದೆಯಲ್ಲಿ ಹೊಸದಾಗಿ ತೆರೆದದ್ದರ ಪಟ್ಟಿ ಬಂದಿರುತ್ತದೆ. ತನ್ನ ಡಬ್ಬಿಯಿಂದ ಒಂದು ಹೋಳು ಹಣ್ಣು ನನ್ನ ಮುಚ್ಚಳಕ್ಕೆ ಹಾಕಿದಳು. ಅಷ್ಟೇ.

ಮೇಲೆ ಬಂದಾಗ ಚೌಕ ಮಿನುಗುತ್ತಿತ್ತು. ಮೊದಲಿಗೆ ಧನ್ಯವಾದ, ಮೂರು ಸಲ. ಸಭೆಗೆ ಇಷ್ಟು ಸಾಕು, ಸಾಕಾಗಿ ಮಿಕ್ಕುತ್ತದೆ ಎಂದಿದ್ದಳು. ಕೆಳಗೆ ಪ್ರಶ್ನೆ. ಹತ್ತೊಂಬತ್ತನೇ ಸಂಚಿಕೆಯ ಆ ತಂಗಿ ಈಗ ಎಲ್ಲಿರಬಹುದು, ಅವಳ ಕಡೆಯ ಮಾತು ಎಲ್ಲಿಯೂ ದಾಖಲಾಗಿಲ್ಲ, ಹುಡುಕಲು ದಾರಿಯಿದೆಯೇ ಮೇಡಂ?

‘ಅವಳು ಇದೇ ಊರಿನಲ್ಲಿ ಇದ್ದಾಳೆ’ ಎಂದು ಬರೆದೆ. ಕಳಿಸಲಿಲ್ಲ. ಅಳಿಸಿದೆ. ನಾನು ಬರೆಯುತ್ತಿದ್ದೇನೆ ಎಂದು ಅವಳ ಪರದೆಯಲ್ಲಿ ಮೂರು ಚುಕ್ಕೆ ಕುಣಿಯುತ್ತಿದ್ದಿರಬೇಕು. ಬಹಳ ಹೊತ್ತು ಕುಣಿದಿರಬೇಕು.

‘ಅದು ನಾನೇ.’

ಅವಳ ಮುಂದಿನ ಪ್ರಶ್ನೆ ಬಂತು:

‘ಸೋಮವಾರ ನಾನು ಕೇಳಿದಾಗ ಇಲ್ಲ ಅಂದವರೂ ನೀವೇ ಅಲ್ವಾ ಮೇಡಂ?’

‘ಹೌದು.’

‘ಮುಚ್ಚಿಟ್ಟಿದ್ದೂ?’

‘ಹೌದು. ಎಂಟು ವರ್ಷ.’

ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಸಂಶೋಧಕಿ, ಬೈಯಲಿಲ್ಲ. ಇದನ್ನೂ ಪ್ರಬಂಧದಲ್ಲಿ ಬರೆಯಬೇಕಾಗುತ್ತದೆ, ಆಕರ ಯಾಕೆ ಇಷ್ಟು ವರ್ಷ ಸಿಗಲಿಲ್ಲ ಎಂದು ಸಮಿತಿ ಕೇಳುತ್ತದೆ, ಗ್ರಂಥಪಾಲಕರೊಡನೆ ನಡೆದ ಮಾತುಕತೆಯನ್ನು ಆಕರಪಟ್ಟಿಯಲ್ಲಿ ನಮೂದಿಸುವ ಕ್ರಮ ಹೇಗೆ ಎಂದು ಕೇಳಿದಳು.

ಅದು ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ. ಮೊದಲು ಮಾತಾಡಿದವರ ಪೂರ್ತಿ ಹೆಸರು, ಆಮೇಲೆ ಹುದ್ದೆ, ಆಮೇಲೆ ಸಂಸ್ಥೆ, ಕೊನೆಗೆ ತಾರೀಖು ಎಂದು ತಿಳಿಸಿದೆ. ಉದಾಹರಣೆಗೆಂದು ನನ್ನದನ್ನೇ ಟೈಪು ಮಾಡಿದೆ. ಗಂಡನ ಮನೆಯ ಹೆಸರಿನ ಹಿಂದೆ ತವರಿನ ಹೆಸರನ್ನೂ ಸೇರಿಸಿದೆ, ಅದಿಲ್ಲದೆ ಕುಂಟೆಬಿಲ್ಲೆಯ ತಂಗಿ ಯಾರೆಂದು ಓದುವವರಿಗೆ ತಿಳಿಯುವುದಿಲ್ಲ. ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿ, ಕಳಿಸಿದೆ.